ಚಿಕ್ಕಪ್ಪನಿಗೂ ಇದೇ ಆಗಿತ್ತೇನೇ?

ಬೆಂಗಳೂರು
ಭಾನುವಾರ ರಾತ್ರಿ

ಅಕ್ಕಾ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಉತ್ತರ ಕೊಡಲಿಲ್ಲ. ಲ್ಯಾಬಿನಲ್ಲಿದ್ದೀನಿ, ಆಮೇಲೆ ಮಾಡ್ತೀನಿ ಅಂತ ಇಟ್ಟುಬಿಟ್ಟೆ. ಕೆಲಸವೂ ಇತ್ತು, ಆದರೆ ನಿಜ ಅಂದರೆ ಬಾಯಿ ಬರಲಿಲ್ಲ. "ಪುಟ್ಟಿಗೆ ಕೊಟ್ಟ ಔಷಧಿ ಆವಾಗ ಇದ್ದಿದ್ರೆ ಚಿಕ್ಕಪ್ಪನೂ ನೆಟ್ಟಗಾಗ್ತಿದ್ನೇನೇ? ಅವನಿಗೂ ಇದೇ ಆಗಿತ್ತಾ?" ಅಂದೆಯಲ್ಲ, ನಾಲ್ಕು ದಿನದಿಂದ ಅದೇ ತಲೆಯಲ್ಲಿ ಸುತ್ತುತ್ತಿದೆ. ಮಾತಾಡಲು ಹೋದರೆ ಇಬ್ಬರೂ ಅತ್ತು ಮುಗಿಸ್ತೀವಿ. ಅದಕ್ಕೇ ಬರೀತಿದ್ದೀನಿ. ಮನೆಯವರೆಲ್ಲ ಮಲಗಿದ ಮೇಲೆ ನಿಧಾನವಾಗಿ ಓದು.

ಮೊದಲು ಪುಟ್ಟಿಯದ್ದು ಹೇಳ್ತೀನಿ. ಅವಳಿಗೆ ಶುರುವಾದದ್ದು ನಿದ್ದೆಗೆಟ್ಟು. ಮೂರು ರಾತ್ರಿ ಕಣ್ಣು ಮುಚ್ಚಲಿಲ್ಲ. ಗೋಡೆಯೊಳಗೆ ಯಾರೋ ನನ್ನ ಹೆಸರು ಬರೀತಿದ್ದಾರೆ ಅಂದಳು. ಗಾಳಿ ಸೋಕಿದೆ ಅಂದರು, ತಾಯತ ಕಟ್ಟಿಸಿದೆ, ನಾಯಕನಹಟ್ಟಿ ತಿಪ್ಪೇಸ್ವಾಮಿಗೆ ಹರಕೆ ಹೊತ್ತೆ. ಅದಕ್ಕೆ ನಾನು ನಿನ್ನನ್ನು ಯಾವತ್ತೂ ಬೈಯಲ್ಲ. ಮಗಳ ಕಣ್ಣಲ್ಲಿ ಮಗಳೇ ಕಾಣದಿದ್ದಾಗ ಯಾವ ತಾಯಿಯಾದರೂ ಸ್ವಾಮಿಯ ಹೆಸರು ಹೇಳ್ತಾಳೆ. ನನಗೆ ಇವತ್ತಿಗೂ ಹೊಟ್ಟೆ ಉರಿಯೋದು ಆಮೇಲೆ ಹೋದ ಆಸ್ಪತ್ರೆಯಲ್ಲಿ ಅವಳನ್ನು ಐದು ನಿಮಿಷ ನೋಡಿ "ಪರೀಕ್ಷೆ ಭಯ, ನಾಟಕ" ಅಂತ ವಾಪಸ್ ಕಳಿಸಿದ್ದಕ್ಕೆ. ಆ ಹೊತ್ತಿಗಾಗಲೇ ಅವಳ ಬಾಯಿ ತನ್ನಷ್ಟಕ್ಕೆ ಏನೋ ಅಗಿಯುತ್ತಿತ್ತು, ಒಂದು ಕೈ ಸೆಟೆದುಕೊಂಡಿತ್ತು. ಫಿಟ್ಸ್ ಬಂದ ದಿನ ನೀನು ಬೆಂಗಳೂರಿಗೆ ಕರಕೊಂಡು ಬಂದೆ. ಬೆನ್ನಿನ ನೀರು ತೆಗೆದು ಪರೀಕ್ಷೆ ಮಾಡಿದರು, ಕಾಯಿಲೆ ಸಿಕ್ಕಿತು.

ಅದಕ್ಕೆ ಆಂಟಿ ಎನ್‌ಎಂಡಿಎ ರಿಸೆಪ್ಟರ್ ಎನ್‌ಸೆಫಲೈಟಿಸ್ ಅಂತಾರೆ. ಹೆಸರು ನೆನಪಿಟ್ಟುಕೊಳ್ಳೋದೇನೂ ಬೇಡ, ಒಳಗೆ ಏನಾಯಿತು ಅನ್ನೋದು ತಿಳಿದಿರಲಿ. ರೋಗದ ವಿರುದ್ಧ ಹೋರಾಡಬೇಕಾದ ಪ್ರತಿಕಾಯಗಳು ದಾರಿ ತಪ್ಪಿ ಅವಳದೇ ನರಕೋಶಗಳ ಮೈಮೇಲೆ ಕೂತವು. ಒಂದು ಕೋಶ ಇನ್ನೊಂದರ ಸುದ್ದಿ ಕೇಳಿಸಿಕೊಳ್ಳೋ ಬಾಗಿಲುಗಳು ಇರ್ತಾವಲ್ಲ, ಅವು ಒಂದೊಂದೇ ಒಳಕ್ಕೆ ಸರಿದುಹೋದವು. ಕೋಶ ಸಾಯಲಿಲ್ಲ, ಕಿವುಡಾಯಿತು ಅಷ್ಟೆ. ಅದಕ್ಕೇ ಸ್ಟೀರಾಯ್ಡು ಕೊಟ್ಟು, ರಕ್ತದಿಂದ ಆ ಪ್ರತಿಕಾಯಗಳನ್ನು ಸೋಸಿ ತೆಗೆದ ಮೇಲೆ ಪುಟ್ಟಿ ವಾಪಸ್ ಬಂದಳು. 2013ರಲ್ಲಿ 577 ರೋಗಿಗಳನ್ನು ನೋಡಿ ಬರೆದ ದೊಡ್ಡ ವರದಿಯಿದೆ. ಚಿಕಿತ್ಸೆ ಸಿಕ್ಕವರಲ್ಲಿ ಎರಡು ವರ್ಷದ ಹೊತ್ತಿಗೆ ಹತ್ತಕ್ಕೆ ಎಂಟು ಜನ ಚೆನ್ನಾಗಿ ಸುಧಾರಿಸಿದ್ದರು. ಕೆಲವರಿಗೆ ಮತ್ತೆ ಮರುಕಳಿಸಿದ್ದೂ ಇದೆ, ಅದನ್ನು ಮುಚ್ಚಿಡಲ್ಲ. ತಪಾಸಣೆ ತಪ್ಪಿಸಬೇಡ ಅಂತ ಪೀಡಿಸೋದು ಅದಕ್ಕೇ.

ಈ ಕಾಯಿಲೆಯನ್ನು ಅಮೆರಿಕದಲ್ಲಿ ಜೋಸೆಪ್ ಡಾಲ್ಮೌ ಅನ್ನೋ ವೈದ್ಯರ ತಂಡ ಗುರುತಿಸಿದ್ದು 2007ರಲ್ಲಿ. ಚಿಕ್ಕಪ್ಪ ತೀರಿಕೊಂಡದ್ದು 2004ರಲ್ಲಿ. ಹಾಗಾಗಿ ಅವನಿಗೆ ಇದೇ ಆಗಿದ್ದರೂ ಹೆಸರಿಟ್ಟು ಹೇಳುವವರು ಆಗ ಲೋಕದಲ್ಲೇ ಇರಲಿಲ್ಲ ಅಕ್ಕ. ಇಷ್ಟು ಹೇಳಿ ನಿಲ್ಲಿಸಿದರೆ ನಿನಗೆ ಸಮಾಧಾನ ಆಗಬಹುದು. ಆದರೆ ಇದು ಪೂರ್ತಿ ಉತ್ತರ ಅಲ್ಲ. ಅವನಿಗೆ ಇದಾಗಿರಲಿಲ್ಲ ಅಂತಲೇ ನನಗನ್ನಿಸೋದು.

ನೆನಪು ಮಾಡಿಕೋ. ಅವನದು ಮೂರು ರಾತ್ರಿಯಲ್ಲಿ ಬಂದದ್ದಲ್ಲ. ಇಪ್ಪತ್ತರ ಹುಡುಗ ಒಂದು ವರ್ಷದಲ್ಲಿ ಮೊದಲು ಮಾತು ಕಮ್ಮಿ ಮಾಡಿದ, ಆಮೇಲೆ ಸ್ನಾನ, ಆಮೇಲೆ ಗೆಳೆಯರು. ಫಿಟ್ಸ್ ಇಲ್ಲ, ಜ್ವರ ಇಲ್ಲ. ಅಶೋಕನ ಶಾಸನದ ಬಂಡೆ ಹತ್ತಿರ ಹೋಗಿ ಕೂತುಬಿಡ್ತಿದ್ದ. 1892ರಲ್ಲಿ ಬಿ. ಎಲ್. ರೈಸ್ ಸಾಹೇಬರು ಪತ್ತೆ ಹಚ್ಚಿದ ಆ ಅಕ್ಷರಗಳ ಮೇಲೆ ಬೆರಳಾಡಿಸುತ್ತಾ, ಇದು ನನಗೇ ಬರೆದ ಕಾಗದ, ಓದಿ ಹೇಳ್ತೀನಿ ಬರ್ರೋ ಅಂತ ಹುಡುಗರನ್ನು ಕರೆಯುತ್ತಿದ್ದ. ಒಂದೊಂದೇ ಅಕ್ಷರವನ್ನು ನೋಟ್‌ಬುಕ್ಕಿಗೆ ಇಳಿಸ್ತಿದ್ದ. ಊರ ಹುಡುಗರು ಕಲ್ಲು ಎಸೆದರೆ ನೀನು ಅವರನ್ನು ಅಟ್ಟಿಸಿಕೊಂಡು ಹೋಗ್ತಿದ್ದೆ. ಅವನಿಗಿದ್ದದ್ದನ್ನು ಸ್ಕಿಜೋಫ್ರೇನಿಯಾ ಅಂತಾರೆ. ಪುಟ್ಟಿಯ ಔಷಧಿ ಅದಕ್ಕಲ್ಲ.

ಹಾಗಾದರೆ ಅವನ ಮೆದುಳಲ್ಲಿ ಏನಾಗಿತ್ತು? ಇಲ್ಲಿ ನನ್ನ ಕೆಲಸದ ವಿಷಯ ಬರುತ್ತೆ. ಇಪ್ಪತ್ತೆರಡು ವರ್ಷದಿಂದ ನಾನು ಮೆದುಳಿನ ತೆಳು ತೆಳು ಪದರ ಕತ್ತರಿಸಿ, ಬಣ್ಣ ಹಾಕಿ, ಗಾಜಿನ ಮೇಲಿಟ್ಟು ಡಾಕ್ಟರ ಮುಂದಿಡ್ತಿದ್ದೀನಿ. ಎಲ್ಲರೂ ಹೊಗಳೋದು ನರಕೋಶವನ್ನು. ಅಂಥವು ಸುಮಾರು 8,600 ಕೋಟಿ ಇವೆ. ಹೆಚ್ಚುಕಮ್ಮಿ ಅಷ್ಟೇ ಸಂಖ್ಯೆಯಲ್ಲಿ ಇನ್ನೊಂದು ಜಾತಿಯ ಕೋಶಗಳಿವೆ, ಗ್ಲಿಯಾ ಅಂತ. ಆ ಗ್ರೀಕ್ ಮಾತಿಗೆ ಅಂಟು ಅಂತ ಅರ್ಥ. ಬರೀ ಅಂಟು, ಸಂದು ತುಂಬೋಕೆ ಇರೋದು ಅಂತ ನೂರು ವರ್ಷ ಅಂದುಕೊಂಡಿದ್ದರು. ಮೊಳಕಾಲ್ಮೂರಿನ ಅಜ್ಜಿ ಮನೆಯ ಮಗ್ಗ ನೆನಪಿದೆಯಲ್ಲ. ಮಗ್ಗದಲ್ಲಿ ಕೂತ ಮಾವನನ್ನೇ ನೇಕಾರ ಅಂತಿದ್ದರು. ಬೆಳಗಿನ ಜಾವದಿಂದ ಕಂಡಿಕೆ ಸುತ್ತಿ, ಹರಿದ ಎಳೆ ಹುಡುಕಿ ಕೂಡಿಸಿ, ಅವನ ಹೊಟ್ಟೆಗೆ ಹಾಕುತ್ತಿದ್ದ ಅಜ್ಜಿಯನ್ನು ಯಾರೂ ನೇಕಾರಳು ಅನ್ನಲಿಲ್ಲ. ಅಜ್ಜಿಗೆ ಜ್ವರ ಬಂದ ವಾರ ಸೀರೆ ಮುಂದಕ್ಕೆ ಸಾಗಿರಲಿಲ್ಲ.

ಗ್ಲಿಯಾ ಮಾಡೋದೂ ಅದೇ. ಕೆಲವು ನರದ ಎಳೆಗೆ ಹೊದಿಕೆ ಸುತ್ತುತ್ತವೆ, ಕೆಲವು ರಕ್ತನಾಳದಿಂದ ಆಹಾರ ತಂದುಕೊಡುತ್ತವೆ, ಮಿಕ್ಕ ರಾಸಾಯನಿಕ ಬಾಚುತ್ತವೆ. ನನಗೆ ಇಷ್ಟವಾದದ್ದು ಮೈಕ್ರೋಗ್ಲಿಯಾ. 1919ರಲ್ಲಿ ಸ್ಪೇನಿನ ಪಿಯೊ ದೆಲ್ ರಿಯೊ ಓರ್ತೆಗಾ ಬೆಳ್ಳಿಯ ಲವಣದಿಂದ ಬಣ್ಣ ಕಟ್ಟಿ ಇದನ್ನು ಬೇರೆಯಾಗಿ ತೋರಿಸಿದ. ಸೂಕ್ಷ್ಮದರ್ಶಕದಲ್ಲಿ ನಮ್ಮ ಹೊಲದ ಬದುವಿನ ಬಳ್ಳಾರಿ ಜಾಲಿ ಥರ ಕಾಣುತ್ತೆ, ಸಣ್ಣ ಮೈ, ಸುತ್ತ ಮುಳ್ಳುಮುಳ್ಳಾಗಿ ರೆಂಬೆ. ಅದು ಸುಮ್ಮನೆ ನಿಂತಿರಲ್ಲ. ಬದುಕಿರೋ ಇಲಿಯ ಮೆದುಳಿನಲ್ಲಿ ನೋಡಿದಾಗ, ಈ ರೆಂಬೆಗಳು ಹಗಲೂ ರಾತ್ರಿ ಚಾಚಿಕೊಂಡು ಸುತ್ತಲಿನದನ್ನು ಮುಟ್ಟಿ ಮುಟ್ಟಿ ನೋಡುತ್ತಲೇ ಇರುತ್ತವೆ ಅಂತ 2005ರಲ್ಲಿ ಗೊತ್ತಾಯಿತು. ಎಲ್ಲಾದರೂ ಗಾಯ, ಸೋಂಕು ಕಂಡರೆ ರೆಂಬೆಯನ್ನೆಲ್ಲ ಒಳಗೆಳೆದುಕೊಂಡು ಗುಂಡಗಾಗಿ ನುಗ್ಗುತ್ತವೆ. ಮೆದುಳಿನ ಉರಿಯೂತ ಅಂದರೆ ಬಹುಮಟ್ಟಿಗೆ ಇವುಗಳ ಗಲಾಟೆ.

ಅವಕ್ಕೆ ಇನ್ನೊಂದು ಕೆಲಸವಿದೆ. ಹರೆಯದಲ್ಲಿ ನರಕೋಶಗಳ ನಡುವಿನ ಬೇಡದ ಕೂಡುಗಳನ್ನು ತಿಂದು ತೆಗೆಯೋದು. ಹತ್ತಿ ಗಿಡದ ಹೆಚ್ಚಿನ ಕುಡಿ ಚಿವುಟೋ ಹಾಗೆ. ಯಾವುದನ್ನು ತಿನ್ನಬೇಕು ಅಂತ ಗುರುತು ಹಾಕೋ ವಸ್ತುಗಳಲ್ಲಿ ಸಿ4 ಅನ್ನೋದು ಒಂದು. 2016ರಲ್ಲಿ ಸುಮಾರು 65,000 ಜನರ ವಂಶವಾಹಿ ತಾಳೆ ನೋಡಿದಾಗ, ಸಿ4 ಹೆಚ್ಚು ತಯಾರಾಗುವಂಥ ಮಾದರಿ ಇದ್ದವರಲ್ಲಿ ಸ್ಕಿಜೋಫ್ರೇನಿಯಾ ತುಸು ಹೆಚ್ಚಾಗಿ ಕಂಡಿತು. ತುಸು ಅಷ್ಟೆ. ಆದರೂ ಆ ವರದಿ ಓದಿದ ದಿನ ನಾನು ಮೈಕ್ರೋಸ್ಕೋಪಿನ ಮುಂದೆ ತುಂಬಾ ಹೊತ್ತು ಕೂತಿದ್ದೆ. ಇಪ್ಪತ್ತರ ಹುಡುಗನಿಗೆ ಯಾಕೆ, ಹತ್ತಕ್ಕೂ ಅಲ್ಲದೆ ನಲವತ್ತಕ್ಕೂ ಅಲ್ಲದೆ ಆಗಲೇ ಯಾಕೆ ಅಂತ ಅವ್ವ ಸಾಯೋವರೆಗೂ ಕೇಳ್ತಿದ್ದಳಲ್ಲ, ಅದಕ್ಕೆ ಇಲ್ಲೊಂದು ಎಳೆ ಇರಬಹುದು ಅನ್ನಿಸಿತು.

ಇನ್ನು ಉರಿಯೂತ ತಗ್ಗಿಸೋ ಔಷಧಿ ಕೊಟ್ಟರೆ ಆಯಿತಲ್ಲ ಅಂತೀಯ. ಕೊಟ್ಟು ನೋಡಿದ್ದಾರೆ. ಮಿನೋಸೈಕ್ಲಿನ್ ಅನ್ನೋ ಹಳೇ ಮಾತ್ರೆ ಮೈಕ್ರೋಗ್ಲಿಯಾವನ್ನು ತಣ್ಣಗಾಗಿಸುತ್ತೆ ಅಂತ ಭಾರೀ ಆಸೆ ಇತ್ತು. ಬ್ರಿಟನ್ನಿನಲ್ಲಿ ಸ್ಕಿಜೋಫ್ರೇನಿಯಾ ಶುರುವಾಗಿ ಹೆಚ್ಚು ವರ್ಷ ಆಗದ 207 ಜನರನ್ನು ಸೇರಿಸಿಕೊಂಡು ವರ್ಷವಿಡೀ ಪರೀಕ್ಷೆ ಮಾಡಿದರು. 2018ರಲ್ಲಿ ಫಲಿತಾಂಶ ಬಂತು, ಏನೂ ಉಪಯೋಗ ಕಾಣಲಿಲ್ಲ. ಖಿನ್ನತೆಯಲ್ಲೂ ಹಾಗೇ. ಸಂಧಿವಾತಕ್ಕೆ ಕೊಡೋ ಇನ್‌ಫ್ಲಿಕ್ಸಿಮ್ಯಾಬ್ ಅನ್ನು ಬೇರೆ ಔಷಧಿಗೆ ಬಗ್ಗದ ಖಿನ್ನತೆಯ 60 ಜನರಲ್ಲಿ ಪರೀಕ್ಷೆ ಮಾಡಿ 2013ರಲ್ಲಿ ಹೇಳಿದರು: ಒಟ್ಟಾರೆ ನೋಡಿದರೆ ಲಾಭವಿಲ್ಲ, ರಕ್ತದಲ್ಲಿ ಉರಿಯೂತದ ಗುರುತು ಹೆಚ್ಚಿದ್ದವರಲ್ಲಿ ಮಾತ್ರ ಸ್ವಲ್ಪ ಗುಣ ಕಂಡಿತು. ಎಲ್ಲರ ದುಃಖದಲ್ಲೂ ಉರಿ ಇರಲ್ಲ ಅಂತ ಆಯಿತು. ಇದ್ದವರಲ್ಲಿ ಹೇಗಿರುತ್ತೆ ಅನ್ನೋದು ನಿನಗೇ ಗೊತ್ತು. 2006ರಲ್ಲಿ ಚಿಕುನ್‌ಗುನ್ಯಾ ಬಂದು ಊರಿಗೆ ಊರೇ ಮಲಗಿತ್ತಲ್ಲ, ನೀನು ವಾರಗಟ್ಟಲೆ ಗೋಡೆ ಕಡೆ ತಿರುಗಿ ಮಲಗಿ ಮಗುವನ್ನೂ ಹತ್ತಿರ ಸೇರಿಸಿರಲಿಲ್ಲ. ಮೈಯಲ್ಲಿನ ಉರಿಯೂತದ ಸುದ್ದಿ ರಕ್ತದಲ್ಲಿ, ನರದಲ್ಲಿ ಮೆದುಳಿಗೆ ಮುಟ್ಟುತ್ತೆ, ಊಟ ಬೇಡ, ಜನ ಬೇಡ ಅನ್ನಿಸುತ್ತೆ. ನಿನಗೆ ಆವಾಗ ಆದದ್ದು ಸೋಮಾರಿತನ ಅಲ್ಲ ಅಂತ ಭಾವನಿಗೆ ಈಗಲಾದರೂ ಹೇಳು.

ಈಗ ನೀನು ಕೇಳದೇ ಉಳಿಸಿಕೊಂಡ ಮಾತಿಗೆ ಬರ್ತೀನಿ.

ನಿಮ್ಹಾನ್ಸ್‌ನವರು 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ಮಾನಸಿಕ ಕಾಯಿಲೆಗೆ ಊರಲ್ಲೇ ಮಾತ್ರೆ ಸಿಗೋ ಹಾಗೆ ಮಾಡಿದ್ದರು. ಅದನ್ನೇ ನೋಡಿ 1996ರಲ್ಲಿ ದೇಶದ ಕೆಲವು ಜಿಲ್ಲೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ನಮ್ಮದು ಚಿತ್ರದುರ್ಗ ಜಿಲ್ಲೆ, ಆದರೂ ಅಪ್ಪ ಗಡಿ ದಾಟಿ ಅವನನ್ನು ಕರಕೊಂಡು ಹೋದರು. ಕ್ಲೋರ್‌ಪ್ರೊಮಝೀನ್ ಕೊಟ್ಟರು. ಆರು ತಿಂಗಳು ಅವನು ಹೊಲಕ್ಕೆ ಹೋದ, ನಮಗೆ ಲೆಕ್ಕ ಹೇಳಿಕೊಟ್ಟ. ಮುದ್ದೆ ಜೊತೆ ಮಾತ್ರೆ ಕೊಡೋ ಕೆಲಸ ನಿನ್ನದು, ನಿನಗಾಗ ಹನ್ನೆರಡು. "ಕೈ ನಡುಗುತ್ತೆ ಮಗಾ, ಬೇಡ" ಅಂತ ಅವನು ಬೇಡಿಕೊಂಡ, ನೀನು ಬಚ್ಚಲಿಗೆ ಹಾಕಿದೆ. ಎಷ್ಟೋ ತಿಂಗಳು. ಇದನ್ನು ನೀನು ಹೇಳಿದ್ದು ನನಗೊಬ್ಬಳಿಗೆ, ಅವ್ವನ ತಿಥಿಯ ರಾತ್ರಿ.

ಅದರಿಂದ ಏನೂ ಆಗಲಿಲ್ಲ ಅಂತ ನಾನು ಸುಳ್ಳು ಹೇಳಲಾರೆ, ನೀನು ನಂಬೋದೂ ಇಲ್ಲ. ಮಾತ್ರೆ ನಿಂತಿದ್ದಕ್ಕೆ ಕಾಯಿಲೆ ತಿರುಗಿ ಬಂದಿರಬಹುದು. ಆದರೆ ಆ ನಡುಕ ಅದೇ ಮಾತ್ರೆಯಿಂದ ಬರುವಂಥದ್ದು, ಅದಕ್ಕೂ ಇನ್ನೊಂದು ಮಾತ್ರೆ ಇತ್ತು. ಅದನ್ನು ನಮ್ಮ ಮನೆಯಲ್ಲಿ ಒಬ್ಬರಿಗೂ ಯಾರೂ ಹೇಳಿರಲಿಲ್ಲ. ಇಡೀ ಮನೆಯಲ್ಲಿ ಅವನ ಮಾತನ್ನು ಕಿವಿಗೊಟ್ಟು ಕೇಳಿದ್ದು ನೀನೊಬ್ಬಳೇ. ಆ ಬಂಡೆಯ ಮೇಲೆ ಅಶೋಕ ಬರೆಸಿದ್ದರಲ್ಲಿ, ತಂದೆತಾಯಿಯ ವಿಷಯಕ್ಕೆ, ಶುಶ್ರೂಷೆ ಅನ್ನೋ ಮಾತು ಇದೆ. ನಾವು ಅದನ್ನು ರೋಗಿಯ ಆರೈಕೆ ಅಂತ ತಿಳೀತೀವಿ. ಅದರ ಮೂಲದ ಅರ್ಥ ಕೇಳಬೇಕೆಂಬ ಆಸೆ. ಹನ್ನೆರಡರ ಹುಡುಗಿ ಮಾಡಿದ್ದು ಅದನ್ನೇ. ದೊಡ್ಡವರು ಮಾಡಬೇಕಾದ್ದು ಆಗಲಿಲ್ಲ.

ಪುಟ್ಟಿ ಇಲ್ಲಿದ್ದಾಗ ಅವಳನ್ನು ನಿಮ್ಹಾನ್ಸ್‌ನ ಮೆದುಳು ಸಂಗ್ರಹಾಲಯಕ್ಕೆ ಕರಕೊಂಡು ಹೋಗಿದ್ದೆ, ನಿನಗೆ ಹೇಳಿರಲಿಲ್ಲ. ಅಲ್ಲಿ ನಿಜವಾದ ಮೆದುಳನ್ನು ಕೈಗೆ ಕೊಡ್ತಾರೆ. ಕೈಗವಸು ತೊಟ್ಟು ಎರಡೂ ಕೈಯಲ್ಲಿ ಹಿಡಿದುಕೊಂಡಳು, ಒಂದೂಕಾಲು ಕೆಜಿ ಇರಬಹುದು. "ಚಿಕ್ಕಮ್ಮ, ಇಷ್ಟೇನಾ?" ಅಂದಳು. ಆಮೇಲೆ ಚಿಕ್ಕ ತಾತನ ಬಗ್ಗೆ ಕೇಳಿದಳು. ಹುಚ್ಚ ಅಂತ ಅಲ್ಲ, ಅವನು ಏನು ಬರೀತಿದ್ದ ಅಂತ.

ಮುಂದಿನ ತಪಾಸಣೆ ಹದಿನಾಲ್ಕಕ್ಕೆ ಇದೆ. ಬೆಳಗಿನ ಬಸ್ಸಿಗೆ ಬಂದರೆ ಬಿಸಿಲು ಏರೋಕೆ ಮೊದಲು ಅರ್ಧ ದಾರಿ ಕಳೆಯುತ್ತೆ. ಹಳೇ ಫೈಲು, ಸ್ಕ್ಯಾನಿನ ಕವರು ಮರೀಬೇಡ. ಅಟ್ಟದ ಮೇಲಿನ ಟ್ರಂಕಿನಲ್ಲಿ ಚಿಕ್ಕಪ್ಪನ ನೋಟ್‌ಬುಕ್ ಇದೆಯಲ್ಲ, ಅದನ್ನೂ ತಗೊಂಡು ಬಾ. ಪುಟ್ಟಿ ನೋಡಬೇಕಂತೆ.

ನಿನ್ನ ತಂಗಿ