ಬಿಕಾಂ ಹುಡುಗನ ಕೋಡ್ ಕಥೆ, ಭಾಗ 6: ಬೆಲ್ಲ ಅಂದ್ರೆ ಎಷ್ಟು ಅಕ್ಷರ?

ಫೋಟೋದಲ್ಲಿರೋದು ಮಾವನ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ. ಅದನ್ನ ಮೂಲೆಗೆ ಹಾಕ್ಸಿದ್ದು ನಾನೇ. ಮತ್ತೆ ಗಲ್ಲಾಪೆಟ್ಟಿಗೆ ಪಕ್ಕ ತಂದಿಡ್ಸಿದ್ದೂ ನಾನೇ. ಯಾಕೆ ಅಂತ ಹೇಳ್ತೀನಿ, ಕೇಳಿ.

ಎರಡನೇ ವರ್ಷದ ರಜೆಯಲ್ಲಿ ಸಿ ಶಾರ್ಪ್ ಕಲಿತು ಮಾವನಿಗೆ ಬಿಲ್ಲಿಂಗ್ ಪ್ರೋಗ್ರಾಂ ಬರ್ದುಕೊಟ್ಟೆ. ಥರ್ಮಲ್ ಪ್ರಿಂಟರ್‌ಗೆ ನೇರವಾಗಿ ಡೇಟಾ ಕಳಿಸ್ಬೇಕಿತ್ತು. ಅದಕ್ಕೆ ವಿಂಡೋಸ್‌ನ ವಿನ್‌ಸ್ಪೂಲ್ ಅನ್ನೋ ಫೈಲ್‌ನಲ್ಲಿರೋ ಫಂಕ್ಷನ್‌ನ ಡಿಎಲ್‌ಎಲ್‌ಇಂಪೋರ್ಟ್ ಹಾಕಿ ಕರೆದೆ. ಒಂದು ತಿಂಗಳು ಚೆನ್ನಾಗೇ ಓಡ್ತು.

ಯುಗಾದಿ ಹಿಂದಿನ ದಿನ ಮಾವನ ಫೋನು: "ಲೇ, ನಿನ್ ಪ್ರೋಗ್ರಾಂ ತಾನಾಗೇ ಮುಚ್ಕೊಂಡ್ಬಿಡ್ತು ಕಣೋ. ಅಂಗಡಿ ತುಂಬಾ ಜನ."

ಆಗಿದ್ದು ಇಷ್ಟೇ. ಅವತ್ತು ಮಾವ ಸಾಮಾನಿನ ಹೆಸರುಗಳನ್ನ ಮೊದಲ ಸಲ ಕನ್ನಡದಲ್ಲಿ ಟೈಪ್ ಮಾಡಿದ್ರು.

"ಬೆಲ್ಲ" ನಮ್ಮ ಕಣ್ಣಿಗೆ ಎರಡಕ್ಷರ. ಸಿ ಶಾರ್ಪ್ ಲೆಕ್ಕದಲ್ಲಿ 5. ಯುಟಿಎಫ್-8 ಬೈಟ್‌ಗಳಲ್ಲಿ 15! ನಾನು ಮೆಮೊರಿ ಕೇಳಿದ್ದು ಅಕ್ಷರದ ಲೆಕ್ಕದಲ್ಲಿ, ತುಂಬಿದ್ದು ಬೈಟ್ ಲೆಕ್ಕದಲ್ಲಿ. ಇಂಗ್ಲಿಷ್‌ನಲ್ಲಿ ಒಂದಕ್ಷರಕ್ಕೆ ಒಂದೇ ಬೈಟ್, ಹಾಗಾಗಿ ತಿಂಗಳಿಡೀ ತಪ್ಪು ಕಾಣ್ಲೇ ಇಲ್ಲ. ಇಡೀ ಬಿಲ್ ಕನ್ನಡದಲ್ಲಿ ಬಂದಾಗ ಮೂರು ಪಟ್ಟು ಡೇಟಾ ಪಕ್ಕದ ಮೆಮೊರಿಗೆ ಉಕ್ಕಿ ಹರೀತು. (ನಮ್ಮ ಪ್ರಿಂಟರ್‌ಗೆ ಕನ್ನಡ ಬರಲ್ಲ ಅನ್ನೋದು ಬೇರೆ ಮಾತು.)

ನಮ್ಮ ಭಾಷೇಲಿ ಹೇಳ್ತೀನಿ. ಸಿ ಶಾರ್ಪ್ ಒಳಗಡೆ ಇಂಟರ್ನಲ್ ಚೆಕ್ ಇದೆ. ಅಳತೆ ಮೀರಿದ್ರೆ ಅಲ್ಲೇ ತಡೆದು ಎರರ್ ಕೊಡುತ್ತೆ. ವಿಂಡೋಸ್ ಫಂಕ್ಷನ್‌ಗೆ ಮೆಮೊರಿಯ ವಿಳಾಸ ಕೊಡೋದು ಸಹಿ ಹಾಕಿದ ಖಾಲಿ ಚೆಕ್ ಕೊಟ್ಟ ಹಾಗೆ. ಅಲ್ಲಿ ಆಡಿಟರ್ ಇಲ್ಲ. ಮೊತ್ತ ಸರಿ ಇದ್ಯಾ ಅಂತ ನೋಡ್ಬೇಕಾದವರು ನಾವೇ. ಟ್ರೈ-ಕ್ಯಾಚ್ ಹಾಕಿದ್ದೆ, ಹಿಡೀಲಿಲ್ಲ. ಮೆಮೊರಿನೇ ಕೆಟ್ಟಾಗ ಅದು ಸಾಮಾನ್ಯವಾಗಿ ಹಿಡಿಯೋದೂ ಇಲ್ಲ.

ಪ್ರೋಗ್ರಾಂ ನಿಂತ್ರೆ ಪುಣ್ಯ ಅಂದ್ಕೊಳ್ಳಿ. ಉಕ್ಕಿ ಹರಿಯೋ ಡೇಟಾನ ಬೇಕಂತಲೇ ಜೋಡಿಸಿದ್ರೆ, ಬೇರೆಯವರ ಕೋಡ್ ಓಡ್ಸೋಕೂ ದಾರಿ ಆಗ್ಬಹುದು. ನಾವು ಸಾಮಾನಿನ ಪಟ್ಟಿ ತಗೊಳ್ತಿದ್ದಿದ್ದು ವಾಟ್ಸಾಪ್‌ನಲ್ಲಿ ಬಂದ ಎಕ್ಸೆಲ್ ಫೈಲ್‌ನಿಂದ!

ಇನ್ನೊಂದು ತಪ್ಪು ಇನ್ನೂ ದೊಡ್ಡದು. ಪ್ರೋಗ್ರಾಂನ ಯಾರು ಬೇಕಾದ್ರೂ ಫೈಲ್ ಹಾಕ್ಬಹುದಾದ ಫೋಲ್ಡರ್‌ನಲ್ಲಿ ಇಟ್ಟಿದ್ದೆ, ಅಡ್ಮಿನ್ ಆಗಿ ಓಡ್ಸ್ತಿದ್ದೆ. ಬರೀ ಹೆಸರು ಕೊಟ್ರೆ ಡಾಟ್‌ನೆಟ್ ಮೊದಲು ಹುಡುಕೋದು ಪ್ರೋಗ್ರಾಂ ಇರೋ ಫೋಲ್ಡರ್‌ನಲ್ಲೇ. ಅದೇ ಹೆಸರಿನ ನಕಲಿ ಫೈಲ್ ಅಲ್ಲಿ ಯಾರಾದ್ರೂ ಇಟ್ರೆ, ಅದು ಅಡ್ಮಿನ್ ಅಧಿಕಾರದಲ್ಲೇ ಓಡ್ಬಹುದು. ಮನೆ ಬೀಗದ ಕೈ ಬಾಗಿಲಿಗೇ ನೇತು ಹಾಕಿದ ಹಾಗೆ.

ಸರಿ ಮಾಡಿದ್ದು:
✅ ಮೆಮೊರಿ ಕೇಳೋದೂ ತುಂಬೋದೂ ಬೈಟ್ ಲೆಕ್ಕದಲ್ಲೇ
✅ ಹೊರಗಿಂದ ಬಂದ ಹೆಸರಿನ ಉದ್ದಕ್ಕೆ ಮಿತಿ
✅ ಸಿಸ್ಟಂ32 ಫೋಲ್ಡರ್‌ನಲ್ಲಿ ಮಾತ್ರ ಹುಡುಕು ಅನ್ನೋ ಸೂಚನೆ
✅ ಪ್ರೋಗ್ರಾಂ ಫೈಲ್ಸ್‌ಗೆ ವರ್ಗಾವಣೆ, ಅಡ್ಮಿನ್ ಬಂದ್
✅ ಮೊದಲು ಉದ್ರಿ ಸೇವ್, ಆಮೇಲೆ ಪ್ರಿಂಟ್

ಕೊನೇದು ಯಾಕೆ ಗೊತ್ತಾ? ಪ್ರಿಂಟ್ ಆದ್ಮೇಲೆ ಸೇವ್ ಆಗೋ ಹಾಗೆ ಬರ್ದಿದ್ದೆ. ಅವತ್ತು ಒಬ್ಬ ಅಜ್ಜಿಯ 640 ರೂಪಾಯಿ ಉದ್ರಿ ದಾಖಲಾಗ್ಲೇ ಇಲ್ಲ. ಮುಂದಿನ ವಾರ ಅಜ್ಜಿ ದುಡ್ಡು ಹಿಡ್ಕೊಂಡೇ ಬಂದ್ರು. ಕಂಪ್ಯೂಟರ್‌ನಲ್ಲಿ ಏನೂ ಇಲ್ಲ ಅಂದೆ. "ನಿನ್ ಲೆಕ್ಕದಾಗಿಲ್ಲ ಅಂದ್ರೆ ಏನಪ್ಪಾ, ನನ್ ಲೆಕ್ಕದಾಗೈತೆ" ಅಂದ್ರು.

ನಾನು ತಲೆ ತಗ್ಗಿಸಿ ದುಡ್ಡು ಎಣಿಸ್ಕೊಂಡೆ.

ಮಾವ ಕೇಳಿದ್ರು, "ಈಗ ಸರಿ ಐತೇನೋ?" "ಸರಿ ಇದೆ ಮಾವ. ಆದ್ರೂ ಪುಸ್ತಕದಲ್ಲೂ ಬರೀರಿ" ಅಂದೆ.

ನೀವು ಮನೆಯವರಿಗೆ, ಅಂಗಡಿಯವರಿಗೆ ಪ್ರೋಗ್ರಾಂ ಬರ್ದುಕೊಟ್ಟಿದ್ರೆ ಇವತ್ತೇ ಒಂದು ಸಲ ಕನ್ನಡದಲ್ಲಿ ಟೈಪ್ ಮಾಡಿ ನೋಡಿ. ಏನಾಯ್ತು ಅಂತ ಕಾಮೆಂಟ್‌ನಲ್ಲಿ ಹೇಳಿ 👇

#ಬಿಕಾಂಕೋಡ್‌ಕಥೆ #ಕನ್ನಡದಲ್ಲಿಕೋಡ್ #ಉದ್ರಿಪುಸ್ತಕ