ಹುಡುಕುವವರಿಲ್ಲದವರು



ಕೊಲೆಗಳ ಕಥೆಯುಳ್ಳ ಧಾರಾವಾಹಿಯೊಂದನ್ನು ಕುರಿತು ಶ್ರೀಮಠದ ಪತ್ರಿಕೆಯಲ್ಲಿ ಬರೆಯುವುದು ಉಚಿತವೇ ಎಂದು ತಾವು ಕೇಳಬಹುದು. ಆ ಸಂಕೋಚ ನನಗೂ ಇದ್ದಿತು. 2023ರಲ್ಲಿ ಬಂದ ‘ದಹಾಡ್’ ಎಂಬ ಹಿಂದಿ ಸರಣಿಯ ಎಂಟು ಕಂತುಗಳನ್ನು ಮಗನ ಮನೆಯಲ್ಲಿ ನೋಡಿದ ಮೇಲೆ ಎರಡು ರಾತ್ರಿ ನನಗೆ ನಿದ್ರೆ ಬರಲಿಲ್ಲ. ಅದಕ್ಕೆ ಕಾರಣ ಅದರಲ್ಲಿಯ ಹಂತಕನಲ್ಲ.

ರೀಮಾ ಕಾಗತಿ ಹಾಗೂ ಜೋಯಾ ಅಖ್ತರ್ ಅವರು ರೂಪಿಸಿದ ಈ ಕಥೆ ನಡೆಯುವುದು ರಾಜಸ್ಥಾನದ ಮಂಡಾವಾದಲ್ಲಿ. ಸಾರ್ವಜನಿಕ ಶೌಚಾಲಯಗಳಲ್ಲಿ ಒಬ್ಬೊಬ್ಬರಾಗಿ ತರುಣಿಯರು ಸತ್ತು ಬಿದ್ದಿರುತ್ತಾರೆ. ಬಾಗಿಲಿನ ಅಗುಳಿ ಒಳಗಿನಿಂದ ಹಾಕಿದೆ, ಹೊಟ್ಟೆಯಲ್ಲಿ ಸಯನೈಡ್ ಇದೆ; ಆತ್ಮಹತ್ಯೆಯೆಂದು ಬರೆದು ಕಡತವನ್ನು ಮುಚ್ಚುತ್ತಾರೆ. ಸತ್ತವರು ವರದಕ್ಷಿಣೆ ಕೊಡಲಾರದ ಮನೆಗಳ ಮಕ್ಕಳು. ಕೊಂದವನೋ ಹಿಂದಿ ಅಧ್ಯಾಪಕ, ವಾಹನದಲ್ಲಿ ಪುಸ್ತಕ ತುಂಬಿಕೊಂಡು ಹಳ್ಳಿಯ ಮಕ್ಕಳಿಗೆ ಓದಲು ಕೊಡುವ ಸಜ್ಜನ! ತಂಗಿ ಕಾಣೆಯಾದಳೆಂದು ಅಲೆಯುವ ಬಡ ಅಣ್ಣನ ಮೊರೆಯನ್ನು ಯಾರೂ ಕೇಳುವುದಿಲ್ಲ. ಕೊನೆಗೆ ಅವನು, ಅವಳು ಮುಸಲ್ಮಾನನೊಬ್ಬನೊಡನೆ ಓಡಿಹೋದಳೆಂದು ಸುಳ್ಳು ಹೇಳುತ್ತಾನೆ. ಆಗ ಎಲ್ಲರಿಗೂ ಎಚ್ಚರವಾಗುತ್ತದೆ.

ತನಿಖೆಗೆ ನಿಲ್ಲುವ ಸಬ್ ಇನ್ಸ್‌ಪೆಕ್ಟರ್ ಅಂಜಲಿ ಭಾಟಿ ದಲಿತ ಮನೆತನದವಳು. ಅವಳು ಹಾದುಹೋದಾಗಲೆಲ್ಲ ಠಾಣೆಯ ಒಬ್ಬ ನೌಕರ ಊದುಬತ್ತಿ ಹಚ್ಚುತ್ತಾನೆ. ಮಾತೇನೂ ಇಲ್ಲ, ಬರಿಯ ಹೊಗೆ. ಅಂಗೈಯಲ್ಲಿ ಇಷ್ಟಲಿಂಗವನ್ನು ಹಿಡಿಯುವ ನಮ್ಮ ಮನೆಗಳಿಗೂ ಆ ವಾಸನೆ ಹೊಸದಲ್ಲ, ಸುಳ್ಳೇಕೆ ಹೇಳಲಿ?

ಈ ಕಥೆಗೆ ನಮ್ಮ ದಕ್ಷಿಣ ಕನ್ನಡದ ‘ಸಯನೈಡ್ ಮೋಹನ್’ ಪ್ರಕರಣವೇ ಪ್ರೇರಣೆಯೆಂದು ಪತ್ರಿಕೆಗಳು ಬರೆದವು. ಅವನೂ ಶಾಲಾ ಶಿಕ್ಷಕನಾಗಿದ್ದವನು. ಮದುವೆಯಾಗುವೆನೆಂದು ನಂಬಿಸಿ ಪರವೂರಿಗೆ ಕರೆದೊಯ್ದು, ಗರ್ಭನಿರೋಧಕ ಗುಳಿಗೆಯೆಂದು ವಿಷವನ್ನು ಕೊಟ್ಟು, ಒಡವೆಗಳೊಡನೆ ಮಾಯವಾಗುತ್ತಿದ್ದನು. 2003ರಿಂದ 2009ರ ಅವಧಿಯಲ್ಲಿ 20 ಮಂದಿಯನ್ನು ಕೊಂದ ಆರೋಪ ಅವನ ಮೇಲೆ ಬಂದಿತು. 2013ರಲ್ಲಿ ಮಂಗಳೂರಿನ ನ್ಯಾಯಾಲಯ ಮರಣದಂಡನೆ ವಿಧಿಸಿತು. ಮಗಳು ಯಾರೊಡನೆಯೋ ಹೋದಳೆಂದು ತಿಳಿದು ಎಷ್ಟೋ ಮನೆಯವರು ಸುಮ್ಮನಿದ್ದರಂತೆ. ಅವನನ್ನು ಅಷ್ಟು ಕಾಲ ಕಾಪಾಡಿದ್ದು ಆ ಮೌನ.

ನನ್ನ ನಿದ್ರೆಯನ್ನು ಕೆಡಿಸಿದ್ದೂ ಅದೇ. ನಲವತ್ತು ವರ್ಷಗಳ ಹಿಂದೆ ನಮ್ಮೂರಿನ ಒಬ್ಬ ಹುಡುಗಿ ಸಂತೆಗೆ ಹೋದವಳು ಮರಳಲಿಲ್ಲ. ಶ್ರೀಮಠದ ಪ್ರಸಾದನಿಲಯದಲ್ಲಿದ್ದು ಓದಿದವನೆಂದು ಅವಳ ತಂದೆ ನನ್ನಲ್ಲಿಗೆ ಬಂದು, ಫಿರ್ಯಾದಿ ಬರೆದುಕೊಡೆಂದು ಕೇಳಿದನು. “ಮನೆತನದ ಮಾನ ಹೋದೀತು, ಕಿರಿಯವಳ ಮದುವೆಯಾಗುವವರೆಗೆ ತಾಳು” ಎಂದು ನಾನೇ ತಿಳಿಹೇಳಿ ಕಳುಹಿಸಿದೆ. ವಿವೇಕದ ಮಾತೆಂದು ಊರ ಹಿರಿಯರು ಮೆಚ್ಚಿಕೊಂಡರು. ಮರುವರ್ಷ ಆ ಮದುವೆಯಲ್ಲಿ ನಿಂತು ಬಡಿಸಿದವನೂ ನಾನೇ. ಫಿರ್ಯಾದಿಯ ಮಾತನ್ನು ಆಮೇಲೆ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಆ ಕಿರಿಯವಳಿಗೆ ಈಗ ಮೊಮ್ಮಕ್ಕಳಿದ್ದಾರೆ. ಹೋದ ತಿಂಗಳು ಅವಳ ಮನೆಗೆ ಹೋಗಿ, ಅಕ್ಕನ ಭಾವಚಿತ್ರವೇನಾದರೂ ಇದೆಯೇ ಎಂದು ಹೆಸರು ಹಿಡಿದು ಕೇಳಿದೆ. ಅವಳು ಬಹಳ ಹೊತ್ತು ನನ್ನನ್ನೇ ನೋಡಿದಳು. “ಅಪ್ಪ ಸುಟ್ಟುಹಾಕಿದರು” ಎಂದು ಹೇಳಿ, ಒಳಗೆ ಹೋಗಿ ಕುಡಿಯಲು ನೀರು ತಂದುಕೊಟ್ಟಳು.