ಬಯಲಿಗೊಂದು ಹಾಡಿನ ಪೆಟ್ಟಿಗೆ

ನಾಲ್ಕು ಗೋಡೆಯೊಳಗೆ ಹಾಡು ಕೇಳುವುದಕ್ಕೂ ಬಯಲಲ್ಲಿ ಕೇಳುವುದಕ್ಕೂ ಅಜಗಜಾಂತರ. ನಡುಮನೆಯಲ್ಲಿ ಕಿಟಕಿಯ ಗಾಜು ಅದುರಿಸುತ್ತಿದ್ದ ಸ್ಪೀಕರನ್ನೇ ಎತ್ತಿಕೊಂಡು ಹೋಗಿ ತೋಟದ ಕಣದಲ್ಲಿಟ್ಟು ನೋಡಿ, ಅದರ ದನಿಯೇ ಇಂಗಿಹೋಗಿರುತ್ತದೆ. ಸ್ಪೀಕರಿಗೆ ಏನೂ ಆಗಿಲ್ಲ, ಗೋಡೆ ಹೋಗಿದೆ ಅಷ್ಟೇ. ಮನೆಯೊಳಗೆ ಗೋಡೆ, ಸೂರು, ನೆಲ ಎಲ್ಲವೂ ಸದ್ದನ್ನು ಹಿಡಿದು ಮರಳಿಸುತ್ತಿರುತ್ತವೆ. ಈ ಉಪಕಾರದ ತುತ್ತತುದಿ ನೋಡಬೇಕಾದರೆ ವಿಜಯಪುರದ ಗೋಳಗುಮ್ಮಟ ಹತ್ತಬೇಕು. ಅಲ್ಲಿ ಒಂದು ಚಪ್ಪಾಳೆ ತಟ್ಟಿದರೆ ಗುಮ್ಮಟ ಅದನ್ನು ಮತ್ತೆ ಮತ್ತೆ ತಟ್ಟಿ ತೋರಿಸುತ್ತದೆ. ಬಯಲಿನಲ್ಲಿ ಹಾಗಿಲ್ಲ, ಹೊರಟ ಸದ್ದು ಹೊರಟೇ ಹೋಗುತ್ತದೆ. ದೂರ ಎರಡರಷ್ಟಾದಾಗಲೆಲ್ಲ 6 ಡೆಸಿಬೆಲ್ ಇಳಿತ. 1 ಮೀಟರಿನಲ್ಲಿ 100 ಡೆಸಿಬೆಲ್ ಇದ್ದದ್ದು 16 ಮೀಟರಿನಲ್ಲಿ ಕೂತವರಿಗೆ 76.

ಹಾಗಾದರೆ ಹೆಚ್ಚು ವ್ಯಾಟಿನದು ತರೋಣ ಎಂದು ಎಲ್ಲರೂ ಹೊರಡುತ್ತಾರೆ. ಇಲ್ಲೇ ನನ್ನ ತಕರಾರು. ವ್ಯಾಟಿನ ಬೆನ್ನು ಹತ್ತಿದವರು ದುಡ್ಡು ಕಳೆಯುತ್ತಾರೆ, ಬ್ಯಾಟರಿಯನ್ನೂ ಬೇಗ ಕಳೆಯುತ್ತಾರೆ. ಒಂದು ಕಾಲದಲ್ಲಿ ಅಂಗೈಯಗಲದ ಸ್ಪೀಕರಿನ ಡಬ್ಬದ ಮೇಲೂ ಸಾವಿರ ವ್ಯಾಟ್ ಪಿ.ಎಂ.ಪಿ.ಒ. ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕುತ್ತಿದ್ದರು. ಆ ಅಂಕಿಗೆ ಯಾವ ಕಟ್ಟುನಿಟ್ಟಿನ ಅಳತೆಯೂ ಇರಲಿಲ್ಲ. ನೋಡಬೇಕಾದದ್ದು ಸಣ್ಣಕ್ಷರದಲ್ಲಿರುವ ಇನ್ನೊಂದು ಅಂಕಿ: 1 ವ್ಯಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಎಂಬುದು. ಅದು 3 ಹೆಚ್ಚಿದರೆ ವ್ಯಾಟ್ ಎರಡರಷ್ಟಾದ ಹಾಗೆ. 86 ಡೆಸಿಬೆಲಿನ ಸ್ಪೀಕರು 40 ವ್ಯಾಟ್ ಕುಡಿದು ಕೊಡುವ ಸದ್ದನ್ನು 92ರದ್ದು 10 ವ್ಯಾಟಿನಲ್ಲೇ ಕೊಡುತ್ತದೆ. ಜಾತ್ರೆಯಲ್ಲಿ ಮರದ ಕೊಂಬೆಗೆ ಕಟ್ಟುವ ಅಹುಜಾ ಹಾರ್ನು ಅಷ್ಟು ದೂರ ಕೇಳುವುದೂ ಇದೇ ಗುಟ್ಟಿನಿಂದ. ಅದರ ಬಾಯಿ ಅಗಲವಾಗುತ್ತ ಬಂದು ಪುಟ್ಟ ಪೊರೆಯ ಅದುರನ್ನು ಪೋಲಾಗದಂತೆ ಗಾಳಿಗೆ ದಾಟಿಸುತ್ತದೆ. ಬಾಸ್ ಮಾತ್ರ ಅದರಿಂದ ಹೊರಡದು, ಆದ್ದರಿಂದ ಹಾಡಿಗೆ ಅದು ಆಗಿಬರುವುದಿಲ್ಲ.

ದೂರ ಕೇಳುವ ಮಾತು ಬಂದಾಗ ಬಯಲಾಟವನ್ನು ನೆನೆಯದೆ ಮುಂದೆ ಹೋಗಲು ನನಗೆ ಮನಸ್ಸು ಬಾರದು. ಮೈಕು ಬರುವ ಮುಂಚೆ ಗದ್ದೆ ಬಯಲಿನಲ್ಲಿ ಬೆಳಗಿನ ತನಕ ಆಟ ನಡೆಯುತ್ತಿತ್ತಲ್ಲ! ಭಾಗವತರ ಏರು ಶ್ರುತಿ, ಚೆಂಡೆಯ ಪೆಟ್ಟು ಎರಡೂ ಬಯಲಿಗೆಂದೇ ಹದಗೊಂಡವು. ಇರುಳೂ ಕೈ ಜೋಡಿಸುತ್ತಿತ್ತು. ಸಂಜೆ ಕಳೆದ ಮೇಲೆ ನೆಲದ ಹತ್ತಿರದ ಗಾಳಿ ತಣ್ಣಗಾಗಿ ಮೇಲಿನದು ಬೆಚ್ಚಗೇ ಉಳಿದರೆ ಸದ್ದು ಕೆಳಕ್ಕೆ ಬಾಗುತ್ತದೆ. ಹಗಲಲ್ಲಿ ಕಾದ ನೆಲದ ಮೇಲೆ ಅದು ಮೇಲಕ್ಕೆ ಬಾಗಿ ಕಳೆದುಹೋಗುತ್ತದೆ. ಅದಕ್ಕೇ ರಾತ್ರಿಯ ಚೆಂಡೆ ಹೊಳೆ ದಾಟಿ ಆಚೆ ಊರಿಗೂ ಮುಟ್ಟುತ್ತಿತ್ತು. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಕೂಡದು ಎನ್ನುವುದು ನನಗೆ ಪೂರ್ತಿ ಸಮ್ಮತ. ನಮ್ಮ ಹಾಡು ಆ ಹೊತ್ತಿನಲ್ಲಿ ನಾವೆಣಿಸಿದ್ದಕ್ಕಿಂತ ಬಹಳ ದೂರ ಹೋಗಿ ಯಾರದೋ ಮಗುವಿನ ನಿದ್ದೆ ಕೆಡಿಸುತ್ತದೆ.

ಸರಿ, ಪೆಟ್ಟಿಗೆಗೆ ಬರೋಣ. ಕಡಿಮೆ ಖರ್ಚಿಗೆ ನನ್ನ ಆಯ್ಕೆ ಕಾರಿನ ಆರೂವರೆ ಇಂಚಿನ ಸ್ಪೀಕರುಗಳು. ಜನ ಕಾರಿಗೆ ಹೊಸ ಸ್ಟೀರಿಯೊ ಹಾಕಿಸಿಕೊಂಡಾಗ ಕಳಚಿಟ್ಟ ಜೋಡಿಗಳು ಗುಜರಿಯಲ್ಲಿ ಸಿಗುತ್ತವೆ, ಬೆಂಗಳೂರಿನ ಎಸ್.ಪಿ. ರಸ್ತೆಯ ಆಸುಪಾಸಿನಲ್ಲಂತೂ ಹುಡುಕಿದವರಿಗೆ ಸಿಕ್ಕೇ ಸಿಗುತ್ತವೆ. ಕಾರಿನದೇ ಏಕೆಂದರೆ, ಅವು ಸಾಮಾನ್ಯವಾಗಿ 4 ಓಮಿನವು. 12 ವೋಲ್ಟಿನ ಬ್ಯಾಟರಿಯಿಂದ 8 ಓಮಿನ ಸ್ಪೀಕರು ಎಳೆದುಕೊಳ್ಳುವುದರ ಎರಡರಷ್ಟು ಶಕ್ತಿಯನ್ನು 4 ಓಮಿನದು ಎಳೆದುಕೊಳ್ಳುತ್ತದೆ. ಪೇಪರ್ ಕೋನಿಗಿಂತ ಪ್ಲಾಸ್ಟಿಕ್ ಕೋನಿನದು ಮೇಲು, ಮಳೆ ಹನಿಗೆ ಹೆದರುವುದಿಲ್ಲ. ಇವಕ್ಕೆ ಟಿ.ಪಿ.ಎ. 3116 ಚಿಪ್ಪಿನ ಪುಟ್ಟ ಕ್ಲಾಸ್ ಡಿ ಆಂಪ್ಲಿಫಯರ್ ಬೋರ್ಡು ಧಾರಾಳವಾಯಿತು. 12 ವೋಲ್ಟಿನಲ್ಲಿ ಒಂದೊಂದು ಬದಿಗೆ ಸುಮಾರು 15 ವ್ಯಾಟ್ ಕೊಡುತ್ತದೆ, ಅಷ್ಟೇನೂ ಬಿಸಿಯಾಗುವುದಿಲ್ಲ.

ಉಳಿಸಿದ ದುಡ್ಡನ್ನೆಲ್ಲ ಮರಕ್ಕೆ ಹಾಕಿ. ಎಂ.ಡಿ.ಎಫ್. ಹಲಗೆ ಅಗ್ಗ, ಕೊಯ್ಯಲೂ ಸುಲಭ, ಆದರೆ ಒಂದು ಮಳೆಗಾಲದಲ್ಲಿ ಉಬ್ಬಿ ಬಾಯಿ ಬಿಡುತ್ತದೆ. ಐ.ಎಸ್. 710 ಮುದ್ರೆಯ 12 ಮಿಲಿಮೀಟರ್ ಪ್ಲೈವುಡ್ ನೀರಿಗೆ ಜಗ್ಗದು. ಬಡಗಿಗಳ ಹತ್ತಿರ ಅಡುಗೆಮನೆ ಕಪಾಟಿನಿಂದ ಉಳಿದ ತುಂಡುಗಳು ಸಿಕ್ಕರೆ ಅದೇ ಭಾಗ್ಯ. ಪೆಟ್ಟಿಗೆ ಅಂದಕ್ಕಾಗಿ ಇರುವುದೆಂದು ಭಾವಿಸುವವರಿದ್ದಾರೆ, ಅದು ಹಾಗಲ್ಲ. ಕೋನು ಮುಂದಕ್ಕೆ ಗಾಳಿ ತಳ್ಳುವಾಗ ಹಿಂದಿನಿಂದ ಎಳೆಯುತ್ತಿರುತ್ತದೆ. ಪೆಟ್ಟಿಗೆ ಇಲ್ಲದಿದ್ದರೆ ಹಿಂದಿನದು ಸುತ್ತಿ ಬಂದು ಮುಂದಿನದನ್ನು ಅಳಿಸುತ್ತದೆ, ಬಾಸ್ ಸತ್ತೇ ಹೋಗುತ್ತದೆ. ಇನ್ನು, ಪಿ.ವಿ.ಸಿ. ಪೈಪು ಕೂರಿಸಿ ಬಾಸ್ ಹೆಚ್ಚಿಸುವ ಆಸೆ. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ, ಅವರ ಬೆನ್ನಿಗೇ 1970ರ ದಶಕದಲ್ಲಿ ರಿಚರ್ಡ್ ಸ್ಮಾಲ್, ಈ ಲೆಕ್ಕವನ್ನು ಸೊಗಸಾಗಿ ಬಿಡಿಸಿಟ್ಟಿದ್ದಾರೆ. ಆದರೆ ಆ ಲೆಕ್ಕಕ್ಕೆ ಸ್ಪೀಕರಿನ ಕೆಲವು ಅಂಕಿಗಳು ಬೇಕು. ಗುಜರಿಯ ಸ್ಪೀಕರಿಗೆ ಅವು ಎಲ್ಲಿಂದ ಬರಬೇಕು? ಅಂದಾಜಿನ ಪೈಪು ಕತ್ತಲಲ್ಲಿ ಕಲ್ಲೆಸೆದಂತೆ. 20 ಲೀಟರಿನಷ್ಟು ಒಳಜಾಗದ, ಪೂರ್ತಿ ಮುಚ್ಚಿದ ಪೆಟ್ಟಿಗೆಯೇ ಲೇಸು.

ವೈರು ಕೊಡುವ ಮುನ್ನ ಒಂದೂವರೆ ವೋಲ್ಟಿನ ಶೆಲ್ಲನ್ನು ಸ್ಪೀಕರಿನ ಎರಡು ಕಡ್ಡಿಗೆ ಒಮ್ಮೆ ತಾಕಿಸಿ. ಕೋನು ಮುಂದಕ್ಕೆ ಪುಟಿದರೆ ಶೆಲ್ಲಿನ ಪ್ಲಸ್ ತಾಕಿದ್ದೇ ಸ್ಪೀಕರಿನ ಪ್ಲಸ್. ಎರಡು ಸ್ಪೀಕರುಗಳಲ್ಲಿ ಒಂದು ಉಲ್ಟಾ ಆದರೂ ಒಂದರ ಬಾಸನ್ನು ಇನ್ನೊಂದು ನುಂಗುತ್ತದೆ. ಪೆಟ್ಟಿಗೆ ಮುಚ್ಚಿದ ಮೇಲೆ ಫ್ಯಾನ್ ಆರಿಸಿ, ತಬಲಾದ ಬಾಯದ ಗುಮುಗುಮು ಇರುವ ಹಾಡು ಹಾಕಿ, ಹಚ್ಚಿದ ಊದುಬತ್ತಿಯನ್ನು ಸಂದುಗಳ ಉದ್ದಕ್ಕೂ ಮೆಲ್ಲಗೆ ಒಯ್ಯಿರಿ. ನೆಟ್ಟಗೆ ಏಳುತ್ತಿದ್ದ ಹೊಗೆಯ ಎಳೆ ಒಂದು ಕಡೆ ತಾಳಕ್ಕೆ ಸರಿಯಾಗಿ ನಡುಗುತ್ತದೆ. ಗಾಳಿ ಸೋರುತ್ತಿರುವುದು ಅಲ್ಲೇ. ಚಿಟಿಕೆ ಎಂ-ಸೀಲ್ ಒತ್ತಿದರೆ ಬಾಸ್ ಗಟ್ಟಿಯಾಗುವುದು ಕಿವಿಗೇ ಗೊತ್ತಾಗುತ್ತದೆ.

ಇಡುವ ಜಾಗಕ್ಕೂ ಬೆಲೆಯಿದೆ, ಅದಕ್ಕೆ ದುಡ್ಡು ಕೊಡಬೇಕಿಲ್ಲ. ಬಯಲಿನ ನಟ್ಟನಡುವೆ ಸ್ಟೂಲಿನ ಮೇಲಿಡುವುದಕ್ಕಿಂತ ಕಾಂಪೌಂಡ್ ಗೋಡೆಗೆ ಆನಿಸಿ, ನೆಲದಲ್ಲೇ, ಮೂತಿ ತುಸು ಮೇಲೆತ್ತಿ ಇಟ್ಟರೆ ಕಳೆದುಹೋದ ಬಾಸ್ ಬಹುಪಾಲು ಮರಳುತ್ತದೆ.

ಬ್ಯಾಟರಿಗೆ ಯು.ಪಿ.ಎಸ್.ನ ಸೀಸದ ಇಟ್ಟಿಗೆ ಬೇಡ, ಹೊರುವವರ ತೋಳು ನೆನಪಿರಲಿ. 3.2 ವೋಲ್ಟಿನ, 6 ಆಂಪಿಯರ್-ಅವರಿನ ಲಿಥಿಯಂ ಐರನ್ ಫಾಸ್ಫೇಟ್ ಶೆಲ್ಲು ನಾಲ್ಕನ್ನು ಸಾಲಾಗಿ ಜೋಡಿಸಿದರೆ 12.8 ವೋಲ್ಟ್, ಹತ್ತಿರ ಹತ್ತಿರ 77 ವ್ಯಾಟ್-ಅವರ್. ಹಾಡು ಸದಾ ಅಬ್ಬರಿಸುತ್ತಿರುವುದಿಲ್ಲವಾದ್ದರಿಂದ ಸರಾಸರಿ 10 ವ್ಯಾಟ್ ಎಂದು ಹಿಡಿದರೂ ಏಳು ಗಂಟೆ ಸಲೀಸು. ನಡುವೆ ಶೆಲ್ಲುಗಳನ್ನು ಕಾಯುವ ಬಿ.ಎಂ.ಎಸ್. ಬೋರ್ಡು, ಪ್ಲಸ್ ತಂತಿಗೆ ಒಂದು ಫ್ಯೂಸು, ಇವೆರಡರಲ್ಲಿ ಜುಗ್ಗತನ ಮಾಡಬೇಡಿ. ಚಾರ್ಜರ್ ಕೊಳ್ಳುವಾಗ ಈ ನಾಲ್ಕು ಶೆಲ್ಲಿಗೆಂದೇ ಮಾಡಿದ 14.6 ವೋಲ್ಟಿನದನ್ನೇ ಕೇಳಿ ತನ್ನಿ.